ಹೇಳುವವರು ಕೇಳುವವರು

ಹೋದ ತಿಂಗಳು ಒಂದು ಬೆಳಗ್ಗೆ, ಹಾಲಿನವನು ಇನ್ನೂ ಬಂದಿರಲಿಲ್ಲ, ಅರಸೀಕೆರೆಯಿಂದ ನನ್ನ ಅಕ್ಕ ದೂರವಾಣಿ ಮಾಡಿದಳು. ಅಕ್ಕನಿಗೆ ಎಂಬತ್ತು ಸಮೀಪಿಸಿದೆ. ಅವಳ ಮೊಮ್ಮಗ ಅಮೆರಿಕದಲ್ಲಿ ಓಹಾಯೋ ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದಾನೆ. ಬರುವ ಶನಿವಾರ ಅವನು ವಿಮಾನದಿಂದ ಧುಮುಕುತ್ತಾನಂತೆ. ಧುಮುಕುವುದಕ್ಕೆ ಕೈಯಿಂದ ಹಣ ಬೇರೆ ಕಟ್ಟಿದ್ದಾನಂತೆ. "ವಿಮಾನ ಕೆಟ್ಟು ಧುಮುಕಿದರೆ ಅದೊಂದು ಮಾತು. ನೆಟ್ಟಗಿರೋ ವಿಮಾನದಿಂದ ಯಾಕೋ ಧುಮುಕಬೇಕು?" ಎಂದು ಅವಳು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ನಾನು ಏನೋ ಸಮಾಧಾನ ಹೇಳಿದೆ. ಅದು ಅವಳ ಕಿವಿಗೆ ಬೀಳಲಿಲ್ಲ. ಕೊನೆಗೆ ಕೇಳಿದಳು: "ಅಲ್ಲವೋ ಸೀನೂ, ನೀನು ಅಷ್ಟು ವರ್ಷ ಅದೇ ಇಲಾಖೆಯಲ್ಲಿದ್ದೆಯಲ್ಲ, ಮೇಲೆ ಆಕಾಶದಲ್ಲಿ ಹೇಳೋರು ಕೇಳೋರು ಯಾರೂ ಇರೋದಿಲ್ಲವೇನೋ?"

ಹೇಳುವವರು ಕೇಳುವವರು ಎಂಬ ಮಾತನ್ನು ನಾವು ಅಂಕೆ, ಅಧಿಕಾರ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅಕ್ಕನ ಮನಸ್ಸಿನಲ್ಲಿದ್ದುದೂ ಅದೇ. ಆದರೆ ಮೂವತ್ತನಾಲ್ಕು ವರ್ಷ ವಿಮಾನ ಸಂಚಾರ ನಿಯಂತ್ರಕನಾಗಿ ಕುಳಿತೆದ್ದ ನನಗೆ ಆ ಮಾತು ಅಕ್ಷರಾರ್ಥದಲ್ಲಿಯೇ ತಟ್ಟಿತು. ನನ್ನ ವೃತ್ತಿಯಲ್ಲಿ ಇದ್ದುದೆಲ್ಲ ಅದೇ: ಒಬ್ಬ ಹೇಳುವವನು, ಒಬ್ಬ ಕೇಳುವವನು, ಇಬ್ಬರ ನಡುವೆ ಕೆಲವು ಸಾವಿರ ಅಡಿ ಗಾಳಿ. ಓಹಾಯೋ ಎಂದಾಗ ನನ್ನ ಎದೆ ಒಮ್ಮೆ ಝಲ್ಲೆಂದಿತು. ಏಕೆಂದು ಅಕ್ಕನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಅದಕ್ಕೆ ಮೊದಲು ಆ ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ವಿವರಿಸಬೇಕು.

ವಿನೋದಕ್ಕಾಗಿ ಧುಮುಕುವವರನ್ನು ಹೊತ್ತೊಯ್ಯುವ ವಿಮಾನಗಳು ದೊಡ್ಡವಲ್ಲ. ಸೆಸ್ನಾ ಕ್ಯಾರವಾನ್, ಟ್ವಿನ್ ಆಟರ್ ಎಂಬಂಥವು. ಹತ್ತು ಹದಿನೈದು ಜನರನ್ನು ತುಂಬಿಕೊಂಡು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಸುಮಾರು ೧೩,೦೦೦ ಅಡಿ ಏರುತ್ತವೆ. ಅಲ್ಲಿಂದ ಧುಮುಕಿದವನು ಗಂಟೆಗೆ ಸುಮಾರು ೨೦೦ ಕಿಲೋಮೀಟರ್ ವೇಗದಲ್ಲಿ, ಹೆಚ್ಚುಕಡಮೆ ಒಂದು ನಿಮಿಷ, ಬಿಟ್ಟ ಕಲ್ಲಿನಂತೆ ಬೀಳುತ್ತಾನೆ. ಆಮೇಲೆ ಪ್ಯಾರಾಶೂಟ್ ಬಿಚ್ಚಿ ಐದಾರು ನಿಮಿಷ ತೇಲಿ ನೆಲ ಮುಟ್ಟುತ್ತಾನೆ. ಅಷ್ಟರಲ್ಲಿ ಪೈಲಟ್ ವಿಮಾನವನ್ನು ಕಡಿದಾಗಿ ಇಳಿಸಿ, ಎಷ್ಟೋ ವೇಳೆ ತಾನು ಕೆಡವಿದವರಿಗಿಂತ ಮೊದಲೇ ನೆಲಕ್ಕೆ ಬಂದು, ಮುಂದಿನ ತಂಡವನ್ನು ಹತ್ತಿಸಿಕೊಳ್ಳುತ್ತಿರುತ್ತಾನೆ. ಬಿಸಿಲಿರುವ ಭಾನುವಾರ ಹೀಗೆ ಇಪ್ಪತ್ತು ಸಲವಾದರೂ ಏರಿ ಇಳಿಯುವುದುಂಟು. ಧುಮುಕಿದವನು ಮನೆಗೆ ಹೋಗಿ ಜನ್ಮವಿಡೀ ಅದನ್ನೇ ಹೇಳುತ್ತಾನೆ. ಪೈಲಟ್ಟಿನ ಹೆಸರು ಅವನಿಗೆ ಗೊತ್ತಿರುವುದಿಲ್ಲ.

ಈ ಪೈಲಟ್ ಮಾತನಾಡಬೇಕಾದವರು ಹಲವರು. ಅಮೆರಿಕದ ನಿಯಮದಂತೆ, ಇಂಥ ಕಡೆ ಇಂಥ ಹೊತ್ತಿನಲ್ಲಿ ಧುಮುಕುವ ಕಾರ್ಯವಿದೆಯೆಂದು ಕಡೆಯ ಪಕ್ಷ ಒಂದು ಗಂಟೆ ಮೊದಲು ನಿಯಂತ್ರಣ ಕೇಂದ್ರಕ್ಕೆ ತಿಳಿಸಬೇಕು. ಅದು ಪ್ರಕಟಣೆಯಾಗಿ ಉಳಿದ ಪೈಲಟ್ಟುಗಳನ್ನು ಮುಟ್ಟುತ್ತದೆ. ಮೇಲೇರಿದ ಮೇಲೆ, ಮೊದಲನೆಯವನು ಧುಮುಕುವುದಕ್ಕೆ ಕನಿಷ್ಠ ಐದು ನಿಮಿಷ ಮುಂಚೆ ನಿಯಂತ್ರಕನೊಡನೆ ರೇಡಿಯೋ ಸಂಪರ್ಕ ಮಾಡಬೇಕು. ಕೆಳಗೆ, ಅಕ್ಕಪಕ್ಕ ಯಾರು ಹಾರುತ್ತಿದ್ದಾರೆಂದು ನಿಯಂತ್ರಕ ತನಗೆ ತಿಳಿದಷ್ಟನ್ನು ಹೇಳುತ್ತಾನೆ. ನಡುವೆ ರೇಡಿಯೋ ಕೆಟ್ಟರೆ ಆ ಸುತ್ತಿನ ಜಿಗಿತವೇ ರದ್ದು. ಇಷ್ಟು ಸಾಲದೆಂಬಂತೆ, ಕೆಳಗಿನ ಚಿಕ್ಕ ವಿಮಾನ ಬಯಲಿಗೆ ಬೇರೊಂದು ತರಂಗವಿರುತ್ತದೆ. ಅಲ್ಲಿ ಇಳಿಯಲು ಬರುತ್ತಿರುವ ಸಣ್ಣಪುಟ್ಟ ವಿಮಾನಗಳು ದೊಡ್ಡ ಕೇಂದ್ರದ ಮಾತನ್ನು ಕೇಳುತ್ತಿರುವುದಿಲ್ಲ. ಆದ್ದರಿಂದ "ಇನ್ನೆರಡು ನಿಮಿಷದಲ್ಲಿ ಧುಮುಕುತ್ತಾರೆ" ಎಂದು ಅಲ್ಲಿಯೂ ಹೇಳಬೇಕು. ಒಂದು ಕಿವಿಯಲ್ಲಿ ಕೇಂದ್ರ, ಇನ್ನೊಂದು ಕಿವಿಯಲ್ಲಿ ಬಯಲು, ಬೆನ್ನ ಹಿಂದೆ ತೆರೆದ ಬಾಗಿಲಿನ ಗಾಳಿಯ ಭೋರ್ಗರೆತ. ಎಲ್ಲರೂ ಹೊರಬಿದ್ದ ಮೇಲೆ "ಧುಮುಕುವವರು ಹೊರಟರು" ಎಂಬ ಅರ್ಥದ ಎರಡು ಪದ.

ಆ ಎರಡು ಪದ ಕಿವಿಗೆ ಬಿದ್ದಾಗ ನಿಯಂತ್ರಕನ ಸ್ಥಿತಿ ಏನೆಂಬುದನ್ನು ನಾನು ನಿಮಗೆ ತಿಳಿಸಬೇಕು. ಈಚಿನ ರೇಡಾರ್ ಪರದೆಯ ಮೇಲೆ ವಿಮಾನ ಬರಿಯ ಚುಕ್ಕೆಯಲ್ಲ. ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಯಂತ್ರ ಅದರ ಸಂಕೇತಾಂಕವನ್ನೂ ಎತ್ತರವನ್ನೂ ತಾನಾಗಿಯೇ ಹೇಳುತ್ತದೆ. ಚುಕ್ಕೆಯ ಪಕ್ಕದಲ್ಲಿಯೇ ಅವು ಮೂಡುತ್ತವೆ. ಆದರೆ ಧುಮುಕಿದ ಮನುಷ್ಯನ ಮೈಮೇಲೆ ಅಂಥ ಯಂತ್ರವಿಲ್ಲ. "ಹೊರಟರು" ಎಂದ ಕ್ಷಣದಿಂದ, ಪರದೆಯ ಮೇಲೆ ಏನೂ ಇಲ್ಲದ ಒಂದು ಜಾಗದಲ್ಲಿ ಹನ್ನೆರಡು ಜನ ಇದ್ದಾರೆ. ಅವರು ಇರುವುದು ನಿಯಂತ್ರಕನ ನೆನಪಿನಲ್ಲಿ ಮಾತ್ರ. ಆ ಖಾಲಿ ಜಾಗದ ಕಡೆಗೆ ಬೇರೊಂದು ವಿಮಾನ ಸಾಗಿದರೆ ಯಾವ ಗಂಟೆಯೂ ಬಾರಿಸುವುದಿಲ್ಲ. ಒಬ್ಬನು ಹೇಳಿದ್ದಾನೆ, ಇನ್ನೊಬ್ಬನು ಕೇಳಿದ್ದಾನೆ. ಅವರ ರಕ್ಷೆ ಅಷ್ಟೇ.

ಇಲ್ಲೊಂದು ಸೂಕ್ಷ್ಮವಿದೆ. ವಿಮಾನ ಸಂಚಾರ ವಿರಳವಾದ ಪ್ರದೇಶಗಳಲ್ಲಿ ನಿಯಂತ್ರಕ "ಧುಮುಕಿ" ಎಂದು ಅಪ್ಪಣೆ ಕೊಡುವುದಿಲ್ಲ. ದೊಡ್ಡ ನಿಲ್ದಾಣಗಳ ಸುತ್ತಲ ಆಕಾಶದಲ್ಲಿ ಅಪ್ಪಣೆ ಬೇಕು. ಉಳಿದೆಡೆ ಅವನು ಕೊಡುವುದು ಸುದ್ದಿ ಮಾತ್ರ. ನಿರ್ಧಾರ ಪೈಲಟ್ಟಿನದು, ಧುಮುಕುವವನದು. ಮೋಡದೊಳಕ್ಕೆ ಧುಮುಕಬಾರದೆಂಬ ನಿಯಮವೂ ಅವರ ಮೇಲೆಯೇ ಇದೆ. ಆದರೆ ಮನುಷ್ಯ ಸ್ವಭಾವ ನೋಡಿ: ಒಂದು ಗಂಭೀರವಾದ ಧ್ವನಿ ರೇಡಿಯೋದಲ್ಲಿ ಸುದ್ದಿ ಹೇಳಿದರೆ, ನಾವು ಅದನ್ನು ಅಪ್ಪಣೆಯೆಂದೇ ಸ್ವೀಕರಿಸಿಬಿಡುತ್ತೇವೆ.

ಇನ್ನು ಓಹಾಯೋ. ೧೯೬೭ರ ಆಗಸ್ಟ್ ೨೭, ಭಾನುವಾರ. ಈರೀ ಸರೋವರದ ದಕ್ಷಿಣಕ್ಕೆ, ಒಳನಾಡಿನಲ್ಲಿ, ವೇಕ್‌ಮನ್ ಎಂಬ ಊರಿನ ಬಳಿ ಆರ್ಟ್‌ನರ್ ಬಯಲು ಎಂಬುದೊಂದು ಚಿಕ್ಕ ವಿಮಾನ ನಿಲ್ದಾಣ. ಅಲ್ಲಿ ಇಳಿಯಬೇಕೆಂದು ಧುಮುಕುವವರ ಒಂದು ತಂಡ, ಎರಡನೆಯ ಮಹಾಯುದ್ಧದ ಕಾಲದ ಬಿ-೨೫ ಬಾಂಬರ್ ವಿಮಾನದಲ್ಲಿ ಸುಮಾರು ೨೦,೦೦೦ ಅಡಿ ಎತ್ತರಕ್ಕೆ ಏರಿತು. ಕೆಳಗೆ ಮೋಡದ ಹಾಸು ಹಬ್ಬಿತ್ತು. ಮೋಡದ ಮೇಲಿನಿಂದ ನೋಡುವವನಿಗೆ ಜೋಳದ ಹೊಲವೂ ಒಂದೇ, ಸರೋವರವೂ ಒಂದೇ. ಪೈಲಟ್ ತಾನೆಲ್ಲಿದ್ದೇನೆಂಬುದಕ್ಕೆ ಕ್ಲೀವ್‌ಲೆಂಡ್ ನಿಯಂತ್ರಣ ಕೇಂದ್ರದ ರೇಡಾರನ್ನು ನೆಚ್ಚಿಕೊಂಡ. ನಿಯಂತ್ರಕನ ಪರದೆಯ ಮೇಲೆ ಆರ್ಟ್‌ನರ್ ಬಯಲಿನ ಸಮೀಪದಲ್ಲಿ ಒಂದು ಚುಕ್ಕೆ ಇತ್ತು. ಅದೇ ಬಿ-೨೫ ಎಂದು ಅವನು ತಿಳಿದ. ಆ ತಿಳಿವಳಿಕೆಯಿಂದಲೇ ಸ್ಥಾನವನ್ನು ಹೇಳಿದ. ಚುಕ್ಕೆ ಬಿ-೨೫ ಆಗಿರಲಿಲ್ಲ. ಅದು ಸೆಸ್ನಾ ೧೮೦ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನ.

ಹದಿನೆಂಟು ಜನ ಧುಮುಕಿದರು. ಮೋಡವನ್ನು ಸೀಳಿ ಹೊರಬಂದಾಗ ಕೆಳಗೆ ಕಂಡದ್ದು ನೀರು. ಹ್ಯೂರನ್ ಊರಿನ ದಡದಿಂದ ನಾಲ್ಕೈದು ನಾಟಿಕಲ್ ಮೈಲಿ ಒಳಗೆ, ಅಂದರೆ ಏಳೆಂಟು ಒಂಬತ್ತು ಕಿಲೋಮೀಟರ್ ದೂರದಲ್ಲಿ, ಅವರು ಸರೋವರಕ್ಕೆ ಬಿದ್ದರು. ಮೈಮೇಲೆ ಜಿಗಿತದ ಭಾರವಾದ ಸಜ್ಜು. ಇಬ್ಬರು ಬದುಕಿದರು. ಹದಿನಾರು ಜನ ಮುಳುಗಿದರು.

ಆ ಮಾತುಕತೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ರೇಡಿಯೋ ಕೆಡಲಿಲ್ಲ. ಪೈಲಟ್ ಕೇಳಬೇಕಾದವನನ್ನೇ ಕೇಳಿದ; ನಿಯಂತ್ರಕ ತನಗೆ ಕಂಡದ್ದನ್ನೇ ಹೇಳಿದ. ಉತ್ತರ ಸರಿಯಾಗಿಯೇ ಇತ್ತು, ಬೇರೆ ವಿಮಾನಕ್ಕೆ. ನಿಮ್ಮ ಮನೆಯ ಬಾಗಿಲು ತಟ್ಟಿದ ಸದ್ದಿಗೆ ಒಳಗಿನಿಂದಲೇ "ಬಾರಪ್ಪ" ಎನ್ನುತ್ತೀರಿ, ಬಂದವನು ನೀವೆಣಿಸಿದವನಲ್ಲ. ಅಷ್ಟೇ ತಪ್ಪು.

ಪರದೆಯ ಮೇಲೆ ಬರಿಯ ಚುಕ್ಕೆಗಳಿದ್ದ ಕಾಲದಲ್ಲಿ ಇದನ್ನು ತಪ್ಪಿಸಲು ನಮಗೆ ಒಂದು ಉಪಾಯ ಕಲಿಸಿದ್ದರು. "ಎಡಕ್ಕೆ ಮೂವತ್ತು ಡಿಗ್ರಿ ತಿರುಗು" ಎಂದು ಪೈಲಟ್ಟಿಗೆ ಹೇಳುವುದು. ಯಾವ ಚುಕ್ಕೆ ತಿರುಗಿತೋ ಅದು ಅವನು. ಈಗ ಗುಂಡಿ ಒತ್ತು ಎಂದರೆ ಟ್ರಾನ್ಸ್‌ಪಾಂಡರ್ ತನ್ನ ಗುರುತನ್ನು ಮಿನುಗಿಸುತ್ತದೆ. ಎರಡೂ ಒಂದೇ ಜಾಣ್ಮೆ: ಹೆಸರು ಕೇಳಿ ನಂಬಬೇಡ, ಕೈಯೆತ್ತಿಸಿ ನೋಡು. ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟರು ಹಾಜರಿ ಕರೆಯುವಾಗ ಇದನ್ನೇ ಮಾಡುತ್ತಿದ್ದರು. ಗೆಳೆಯನ ಪರವಾಗಿ "ಹಾಜರ್ ಸಾರ್" ಎನ್ನುವವರು ನಮ್ಮಲ್ಲಿ ಕಡಿಮೆಯಿರಲಿಲ್ಲ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕೆಲಸ ಪ್ರಾರಂಭಿಸಿದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ಅದು ಇಬ್ಬರನ್ನೂ ತಪ್ಪಿತಸ್ಥರೆಂದಿತು. ನೆಲ ಕಾಣದಿರುವಾಗ ಧುಮುಕಿದ್ದು, ಧುಮುಕಿಸಿದ್ದು ತಪ್ಪು. ಚುಕ್ಕೆಯ ಗುರುತು ಹಿಡಿಯುವುದರಲ್ಲಿ ನಿಯಂತ್ರಕ ಎಡವಿದ್ದೂ ತಪ್ಪು. ಮುಂದೆ ಮೊಕದ್ದಮೆಯಾಗಿ, ನಿಯಂತ್ರಕನ ತಪ್ಪಿಗೆ ಸರ್ಕಾರವೇ ಹೊಣೆಯೆಂದು ನ್ಯಾಯಾಲಯ ತೀರ್ಮಾನಿಸಿತು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆ ಕುರ್ಚಿಯಲ್ಲಿದ್ದವನ ಲೆಕ್ಕ ಮುಗಿದಿರಲಾರದು. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ.

ನಾನು ಈ ಕೆಲಸ ಕಲಿತದ್ದು ೧೯೭೯ರಲ್ಲಿ, ಅಲಹಾಬಾದಿನ ಬಮ್ರೌಲಿಯಲ್ಲಿರುವ ನಾಗರಿಕ ವಿಮಾನಯಾನ ತರಬೇತಿ ಕೇಂದ್ರದಲ್ಲಿ. ಪ್ರಯಾಗಕ್ಕೆ ಹೊರಟಾಗ ನಮ್ಮ ತಾಯಿ ಒಂದು ತಂಬಿಗೆ ಗಂಗೆ ತಾ ಎಂದರು. ಅಲ್ಲಿ ನನಗೆ ಕಲಿಸಿದ್ದು ಮಾತನಾಡುವುದನ್ನು! ಇಪ್ಪತ್ತಾರು ವರ್ಷ ಮಾತನಾಡಿಕೊಂಡೇ ಬಂದವನಿಗೆ ಅದೇನು ಕಲಿಯುವುದು ಎಂದು ನಗು ಬಂದಿತ್ತು. ಮೊದಲನೆಯ ವಾರದಲ್ಲಿಯೇ ನಗು ನಿಂತಿತು. 'ರೋಜರ್' ಎಂಬ ಪದವನ್ನು ಸಿನಿಮಾದಲ್ಲಿ ನೀವು ಕೇಳಿದ್ದೀರಿ. ಅದರ ಅರ್ಥ 'ಆಗಲಿ' ಎಂದಲ್ಲ, 'ನಿನ್ನ ಮಾತು ಪೂರ್ತಿ ತಲುಪಿತು' ಎಂದಷ್ಟೇ. ನಮ್ಮ 'ಹೂಂ' ಇದೆಯಲ್ಲ, ಅದು ಒಪ್ಪಿಗೆಯೋ, ಕೇಳಿಸಿತೆಂಬ ಸೂಚನೆಯೋ, ಮುಂದೆ ಹೇಳು ಎಂಬುದೋ, ಸಾಕುಮಾಡು ಎಂಬುದೋ? ಸಂಸಾರದಲ್ಲಿ ಅದು ನಡೆಯುತ್ತದೆ. ರೇಡಿಯೋದಲ್ಲಿ ನಡೆಯುವುದಿಲ್ಲ. ಅಲ್ಲಿ ಮುಖ್ಯವಾದ ಅಪ್ಪಣೆಯನ್ನು ಕೇಳಿದವನು ಮರಳಿ ಒಪ್ಪಿಸಬೇಕು. ಹೇಳಿದವನು ಅದನ್ನು ಕಿವಿಗೊಟ್ಟು ಕೇಳಬೇಕು. ಈಗ ನಾನು ಈ ಧ್ವನಿವರ್ಧಕದ ಮುಂದೆ ಕುಳಿತು ಮಾತನಾಡುತ್ತಿದ್ದೇನೆ; ನಿಮಗೆ ತಲುಪಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಹಳೆಯ ಅಭ್ಯಾಸದಿಂದ ನನ್ನ ಕಿವಿ ನಿಮ್ಮ ಉತ್ತರಕ್ಕೆ ಕಾಯುತ್ತಿದೆ.

ಒಂದೇ ಪದಕ್ಕೆ ಎರಡು ಅರ್ಥವಿದ್ದರೆ ಏನಾಗುತ್ತದೆಂಬುದಕ್ಕೆ ಜಗತ್ತೇ ಬಲ್ಲ ಉದಾಹರಣೆ ಟೆನೆರೀಫ್ ದ್ವೀಪದ್ದು. ೧೯೭೭ರ ಮಾರ್ಚ್ ೨೭ರಂದು ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ಓಡುದಾರಿಯ ಮೇಲೆಯೇ ಡಿಕ್ಕಿಯಾಗಿ ೫೮೩ ಜನ ಸತ್ತರು. ಆ ಬಳಿಕ 'ಟೇಕಾಫ್' ಎಂಬ ಪದವನ್ನು ನಿಜವಾಗಿ ಹೊರಡುವ ಅನುಮತಿಯ ವಿನಾ ಬೇರೆ ಸಂದರ್ಭದಲ್ಲಿ ಬಾಯಿಂದ ಹೊರಡಿಸಬಾರದೆಂಬ ನಿಯಮ ಬಂತು. ಇಷ್ಟನ್ನೂ ನಾನು ಬಮ್ರೌಲಿಯಲ್ಲಿ ಓದಿ, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾಗಿದ್ದೆ.

೧೯೮೫ರಲ್ಲಿ ನಾನು ಒಂದು ಚಿಕ್ಕ ವಿಮಾನ ನಿಲ್ದಾಣದ ಗೋಪುರದಲ್ಲಿದ್ದೆ. ಊರಿನ ಹೆಸರು ಬೇಡ. ರೇಡಾರ್ ಇರಲಿಲ್ಲ, ಕಣ್ಣು, ದುರ್ಬೀನು, ರೇಡಿಯೋ, ಒಂದು ದೂರವಾಣಿ ಇಷ್ಟೇ ಆಯುಧಗಳು. ಊರಿನಲ್ಲಿ ಏನೋ ಉತ್ಸವ. ಅದರ ಅಂಗವಾಗಿ ಎಂಟು ಮಂದಿ ಪ್ಯಾರಾಶೂಟ್ ಕಟ್ಟಿಕೊಂಡು ಧುಮುಕುವ ಪ್ರದರ್ಶನವಿತ್ತು. ಅವರು ಇಳಿಯಬೇಕಾದ ಮೈದಾನ ಗೋಪುರದಿಂದ ಪಶ್ಚಿಮಕ್ಕೆ ಎರಡು ಮೈಲಿ. ಎಂಟು ಜನವೂ ನೆಲ ಮುಟ್ಟಿದರೆಂದು ಮೈದಾನದಿಂದ ದೂರವಾಣಿ ಬರುವ ತನಕ ಯಾವ ವಿಮಾನವನ್ನೂ ಬಿಡತಕ್ಕದ್ದಲ್ಲ ಎಂದು ಬೆಳಗ್ಗೆಯೇ ಗೊತ್ತುಮಾಡಿಕೊಂಡಿದ್ದೆವು. ದೂರವಾಣಿಯ ಬಳಿ ಉತ್ಸವ ಸಮಿತಿಯ ಒಬ್ಬ ಗುಮಾಸ್ತರನ್ನು ಕೂರಿಸಿದ್ದರು. ಸಭ್ಯರು, ಕನ್ನಡ ಬಲ್ಲವರು. ಅವರೊಡನೆ ಇಂಗ್ಲಿಷಿನ ಕಟ್ಟುಪಾಡು ಏಕೆ ಎಂದು ನಾನೇ ಅಂದುಕೊಂಡೆ.

ಸಂಜೆ ನಾಲ್ಕೂವರೆ. ಪೈಲಟ್ ಸರಿಯಾಗಿ ಎರಡು ನಿಮಿಷ ಮುಂಚೆ ತಿಳಿಸಿದ. ಕೊನೆಯವನು ಹೊರಬಿದ್ದಾಗ ಅದನ್ನೂ ತಿಳಿಸಿದ. ಪಶ್ಚಿಮದ ಸೂರ್ಯ ಗೋಪುರದ ಗಾಜಿಗೆ ನೇರವಾಗಿ ಹೊಡೆಯುತ್ತಿದ್ದ. ದುರ್ಬೀನಿನಲ್ಲಿ ಬೆಳಕೇ ಹೊರತು ಏನೂ ಕಾಣಲಿಲ್ಲ. ಕೆಳಗೆ ತರಬೇತಿ ವಿಮಾನವೊಂದು, ಒಬ್ಬನೇ ಹಾರುತ್ತಿದ್ದ ವಿದ್ಯಾರ್ಥಿಯೊಡನೆ, ಎಂಜಿನ್ ನಡೆಸಿಕೊಂಡು ಬಹಳ ಹೊತ್ತಿನಿಂದ ಕಾಯುತ್ತಿತ್ತು. ದೂರವಾಣಿ ಬಡಿಯಿತು. "ಎಲ್ಲರೂ ಇಳಿದರು ಸಾರ್" ಎಂದರು ಗುಮಾಸ್ತರು. ನಾನು "ಹೂಂ" ಎಂದೆ. ವಿದ್ಯಾರ್ಥಿಗೆ ಹೊರಡಲು ಅನುಮತಿ ಕೊಟ್ಟೆ.

ವಿಮಾನ ನೆಲ ಬಿಟ್ಟು ಪಶ್ಚಿಮಕ್ಕೆ ಮೂತಿ ಮಾಡಿ ಏರುತ್ತಿರುವಾಗ ಒಂದು ತುಂಡು ಮೋಡ ಸೂರ್ಯನಿಗೆ ಅಡ್ಡ ಬಂತು. ಬೆಳಕಿನಲ್ಲಿ ಕರಗಿಹೋಗಿದ್ದವು ಆಗ ಕಣ್ಣಿಗೆ ಬಿದ್ದವು. ಒಂದಲ್ಲ, ಐದು ಕೊಡೆಗಳು; ಗಾಳಿಗೆ ನಿಲ್ದಾಣದ ಕಡೆಗೇ ತೇಲಿ ಬರುತ್ತಿದ್ದವು. ನಾನು ರೇಡಿಯೋದಲ್ಲಿ ಏನು ಹೇಳಿದೆನೆಂಬುದು ನನಗೆ ಅಕ್ಷರಶಃ ನೆನಪಿದೆ: ಕೂಡಲೇ ಬಲಕ್ಕೆ ತಿರುಗು, ಎದುರಿಗೆ ಪ್ಯಾರಾಶೂಟುಗಳಿವೆ. ಆ ಹುಡುಗ ಏಕೆಂದು ಕೇಳಲಿಲ್ಲ. "ಬಲಕ್ಕೆ ತಿರುಗುತ್ತಿದ್ದೇನೆ" ಎಂದು ಪದ್ಧತಿಯಂತೆ ಒಪ್ಪಿಸಿ ತಿರುಗಿದ. ಅಂತರ ಎಷ್ಟಿತ್ತೆಂದು ನಾನು ಅಳೆಯಲಿಲ್ಲ, ಅಳೆಯುವ ಧೈರ್ಯವಿರಲಿಲ್ಲ.

ಪಾಳಿ ಮುಗಿಸಿ ಮೈದಾನಕ್ಕೆ ಹೋದೆ. ಗುಮಾಸ್ತರು ಲಾಡಿನ ಪೊಟ್ಟಣ ಕೈಗಿತ್ತರು. "ಎಲ್ಲರೂ ಇಳಿದರು ಅಂತ ಹೇಳಿದಿರಲ್ಲ ಸ್ವಾಮಿ" ಎಂದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೌದಲ್ಲ ಸಾರ್, ಎಣಿಸಿದೆನಲ್ಲ. ಎಂಟೂ ಜನ ವಿಮಾನದಿಂದ ಇಳಿದರು. ಇಳಿದ ತಕ್ಷಣ ಫೋನ್ ಮಾಡಿದೆ" ಎಂದರು. ಬಸ್ಸಿನಿಂದ ಇಳಿದಂತೆ, ರೈಲಿನಿಂದ ಇಳಿದಂತೆ ಅವರು ವಿಮಾನದಿಂದ ಇಳಿದಿದ್ದರು. ನಾನು ಕೇಳಿಸಿಕೊಂಡದ್ದು ನೆಲಕ್ಕೆ ಇಳಿದರೆಂದು. ವಾಹನವನ್ನು ಬಿಡುವುದೂ ಇಳಿಯುವುದೇ, ನೆಲವನ್ನು ಮುಟ್ಟುವುದೂ ಇಳಿಯುವುದೇ. ಬಸ್ಸಿನಲ್ಲಿ ಎರಡಕ್ಕೂ ನಡುವೆ ಒಂದು ಮೆಟ್ಟಿಲಿನ ಅಂತರ. ಆದ್ದರಿಂದ ನಮ್ಮ ಭಾಷೆಗೆ ಎರಡು ಪದ ಬೇಕಾಗಲಿಲ್ಲ. ಇಲ್ಲಿ ನಡುವೆ ಆರು ನಿಮಿಷ ಇತ್ತು. ಭಾಷೆಯನ್ನು ದೂರಿ ಪ್ರಯೋಜನವಿಲ್ಲ. 'ನೆಲ ಮುಟ್ಟಿದರೇ?' ಎಂದು ಎರಡು ಪದ ಮರಳಿ ಕೇಳಬೇಕಾಗಿದ್ದವನು, ಅದಕ್ಕೆ ಸಂಬಳ ಪಡೆಯುತ್ತಿದ್ದವನು, ನಾನು. ನಾನು 'ಹೂಂ' ಎಂದೆ.

ಆ ದಿನದ ದಿನಚರಿ ಪುಸ್ತಕದಲ್ಲಿ ಜಿಗಿತ ಮುಗಿದ ಹೊತ್ತನ್ನು ಬರೆದು ರುಜು ಹಾಕಿದೆ. ಉಳಿದದ್ದನ್ನು ಬರೆಯಲಿಲ್ಲ. ಆ ವಿದ್ಯಾರ್ಥಿ ಬಂದು ನನಗೆ ಕೃತಜ್ಞತೆ ಹೇಳಿ ಹೋದ. ನಾನು ಅವನನ್ನು ಉಳಿಸಿದೆನೆಂದು ಅವನ ಭಾವನೆ. ಅದನ್ನೂ ತಿದ್ದಲಿಲ್ಲ. ಈರೀ ಸರೋವರದ ವೃತ್ತಾಂತವನ್ನು ನಾನು ಮೊದಲು ಓದಿದ್ದು ಅದಾದ ಎರಡು ಮೂರು ವರ್ಷಗಳ ಮೇಲೆ. ಓದುವಾಗ ನನ್ನ ಕಣ್ಣು ಆ ನಿಯಂತ್ರಕನ ಮೇಲೆಯೇ ನಿಂತುಬಿಟ್ಟಿತು. ಅವನಿಗೂ ನನಗೂ ಇದ್ದ ವ್ಯತ್ಯಾಸ ಒಂದು ತುಂಡು ಮೋಡ. ಅವನಿಗೆ ಮೋಡ ಮುಚ್ಚಿತು, ನನಗೆ ತೋರಿಸಿತು.

ನಮ್ಮ ದೇಶದಲ್ಲಿ ಧುಮುಕುವುದು ಬಹುಕಾಲ ಸೈನ್ಯದವರ ವಿದ್ಯೆಯಾಗಿತ್ತು. ಅದನ್ನು ಕಲಿಸುವ ವಾಯುಸೇನೆಯ ಶಾಲೆ ಆಗ್ರಾದಲ್ಲಿದೆ. ಈಚೆಗೆ ವಿನೋದದ ಜಿಗಿತವೂ ಬಂದಿದೆ. ಮೈಸೂರಿನಲ್ಲಿಯೂ ಅಂಥ ಶಿಬಿರಗಳು ನಡೆದಿವೆ. ಉಪಗ್ರಹದ ನೆರವಿನಿಂದ ಪೈಲಟ್ ತಾನಿರುವ ಜಾಗವನ್ನು ಕೆಲವು ಮೀಟರುಗಳ ಮಟ್ಟಿಗೆ ತಾನೇ ಬಲ್ಲ. ೧೯೬೭ರ ಆ ಪ್ರಶ್ನೆಯನ್ನು, ನಾನೆಲ್ಲಿದ್ದೇನೆ ಎಂಬುದನ್ನು, ಇಂದು ಯಾರೂ ಕೇಳಬೇಕಾಗಿಲ್ಲ. ಆದರೆ ಧುಮುಕಿದವರು ಇಂದಿಗೂ ಪರದೆಯ ಮೇಲೆ ಕಾಣುವುದಿಲ್ಲ. ಅವರ ವಿಷಯದಲ್ಲಿ ಈಗಲೂ ಒಬ್ಬನು ಹೇಳಬೇಕು, ಒಬ್ಬನು ಕೇಳಬೇಕು.

ಅಕ್ಕನಿಗೆ ಅಂದು ಇಷ್ಟೆಲ್ಲ ಹೇಳಲಿಲ್ಲ. "ಹೇಳೋರೂ ಇದ್ದಾರೆ, ಕೇಳೋರೂ ಇದ್ದಾರೆ, ನೀನು ನೆಮ್ಮದಿಯಾಗಿರು" ಎಂದೆ. ಆ ಶನಿವಾರ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಭಾನುವಾರ ಬೆಳಗಿನ ಜಾವ ಹುಡುಗ ತಾನಾಗಿಯೇ ಮಾತನಾಡಿದ. ಧ್ವನಿ ಸಪ್ಪಗಿತ್ತು. ವಿಮಾನ ಮೇಲೇರಿತಂತೆ, ಸಜ್ಜು ಬಿಗಿದಾಗಿತ್ತಂತೆ. ಅಷ್ಟರಲ್ಲಿ ಕೆಳಗೆ ಮೋಡ ಮುಚ್ಚಿಕೊಂಡಿತು. ಪೈಲಟ್ ಎರಡು ಸುತ್ತು ಹೊಡೆದು ನೋಡಿ, ಈ ಸಲ ಜಿಗಿತವಿಲ್ಲವೆಂದು ನಿಯಂತ್ರಕನಿಗೆ ತಿಳಿಸಿ, ಎಲ್ಲರನ್ನೂ ಕೂರಿಸಿಕೊಂಡೇ ವಾಪಸು ಬಂದುಬಿಟ್ಟ. "ಇಷ್ಟು ಖರ್ಚು ಮಾಡಿ ಸುಮ್ಮನೆ ಬಂದಂತಾಯಿತು, ಚಿಕ್ಕತಾತ" ಎಂದ.

ಅರಸೀಕೆರೆಗೆ ನಾನೇ ದೂರವಾಣಿ ಮಾಡಿದೆ. ಅಕ್ಕ ಕಾದೇ ಕುಳಿತಿದ್ದಳು. "ಇಳಿದನೇನೋ?" ಎಂದಳು.

"ಇಳಿದ ಅಕ್ಕ," ಎಂದೆ. ಒಂದು ಕ್ಷಣ ತಡೆದು ಸೇರಿಸಿದೆ: "ನೆಲಕ್ಕೆ ಇಳಿದ. ವಿಮಾನದ ಒಳಗೇ ಕೂತು ಇಳಿದ."